ಬೆಕ್ಕಿನ ಮರಿಗೆ ನಿಮ್ಮ ಕೈ ಆಟದ ಸಾಮಾನು ಆಗೋದು ಬೇಡ

ಮರಿ ಮುಂದೆ ಬೆರಳು ಕುಣಿಸಿ, ಅದು ಹಾರಿ ಬಂದು ಕಚ್ಚಿದ್ರೆ ಅಯ್ಯೋ ಎಷ್ಟು ಮುದ್ದು ಅಂತ ನಗೋರನ್ನ ನೋಡಿದಾಗೆಲ್ಲ ನಂಗೆ ತಡ್ಕೊಳೋಕಾಗಲ್ಲ, ದಯವಿಟ್ಟು ಬೇಡ ಅಂತ ಹೇಳೇಬಿಡ್ತೀನಿ. ಎರಡು ತಿಂಗಳ ಮರಿ ಕಚ್ಚಿದ್ರೆ ಅಷ್ಟೇನೂ ನೋಯಲ್ಲ, ಅದೇ ಮರಿ ಒಂದು ವರ್ಷ ಆದ್ಮೇಲೆ ಅದೇ ಆಟಕ್ಕೆ ಬಂದ್ರೆ ರಕ್ತ ಬರುತ್ತೆ, ಆಗ ಎಲ್ರೂ ಸೇರಿ ಅದಕ್ಕೆ ಕೆಟ್ಟ ಬೆಕ್ಕು ಅಂತ ಹೆಸರಿಡ್ತಾರೆ, ಕೆಲವರು ಎಲ್ಲೋ ಬಿಟ್ಟೂ ಬರ್ತಾರೆ. ಪಾಪ ಅದು ಮಾಡಿದ್ದು ನಾವು ಕಲಿಸಿದ್ದನ್ನೇ.

ಎಷ್ಟು ಗಟ್ಟಿಯಾಗಿ ಕಚ್ಚಿದ್ರೆ ನೋಯುತ್ತೆ ಅನ್ನೋದನ್ನ ಮರಿ ಕಲಿಯೋದು ಅಮ್ಮ ಮತ್ತೆ ಒಡಹುಟ್ಟಿದ ಮರಿಗಳ ಜೊತೆ ಆಡ್ತಾ. ಜೋರಾಗಿ ಕಚ್ಚಿದ್ರೆ ಇನ್ನೊಂದು ಮರಿ ಕಿರುಚಿ ಆಟ ಬಿಟ್ಟು ಹೋಗುತ್ತೆ, ಪಾಠ ಅಷ್ಟೇ. ಅದಕ್ಕೇ ಕಮ್ಮಿ ಅಂದ್ರೂ 8 ವಾರ, ಸಾಧ್ಯ ಆದ್ರೆ 12 ವಾರ ತಾಯಿ ಹತ್ರಾನೇ ಇರ್ಲಿ ಅನ್ನೋದು. ಒಂಟಿಯಾಗಿ ಬೇಗ ಬಂದಿರೋ ಮರಿಗೆ ಆ ಪಾಠ ನಾವೇ ಹೇಳ್ಕೊಡ್ಬೇಕು, ಜೊತೆಗೆ ಮೂರು ನಾಲ್ಕು ತಿಂಗಳಿಂದ ಆರು ತಿಂಗಳವರೆಗೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರೋದ್ರಿಂದ ಸಿಕ್ಕಿದ್ದೆಲ್ಲ ಕಚ್ಚೋ ಕಾಲ ಬೇರೆ.

ಕಚ್ಚಿದ ತಕ್ಷಣ ಕೈ ಎಳ್ಕೊಳೋದು ನಮ್ಮ ಸಹಜ ಬುದ್ಧಿ, ಆದ್ರೆ ಓಡೋದನ್ನ ಹಿಡಿಯೋದು ಬೆಕ್ಕಿನ ಸಹಜ ಬುದ್ಧಿ, ಎಳೆದಷ್ಟೂ ಅದು ಇನ್ನೂ ಬಿಗಿಯಾಗಿ ಹಿಡಿಯುತ್ತೆ, ಚರ್ಮಾನೂ ಹರಿಯುತ್ತೆ. ಕೈ ಅಲ್ಲಾಡಿಸ್ದೆ ಸುಮ್ನಿರಿ, ಹಿಡಿತ ಸಡಿಲ ಆಗುತ್ತೆ, ಆಮೇಲೆ ಮೆಲ್ಲಗೆ ಕೈ ತೆಗೆದು ಎದ್ದು ಹೋಗಿ, ಒಂದೆರಡು ನಿಮಿಷ ಮಾತಾಡ್ಸೋದೂ ಬೇಡ. ಕಚ್ಚಿದ್ರೆ ಆಟ ನಿಂತೋಗುತ್ತೆ ಅಂತ ಅದಕ್ಕೆ ಗೊತ್ತಾಗೋದು ಹೀಗೆ. ಹೊಡೆಯೋದು, ಮೂಗಿಗೆ ತಟ್ಟೋದು, ನೀರು ಚಿಮುಕಿಸೋದು ಇವೆಲ್ಲ ಮಾಡಿದ್ರೆ ನಿಮ್ಮನ್ನ ಕಂಡ್ರೆ ಹೆದರೋದು ಕಲಿಯುತ್ತೆ, ಹೆದರಿದ ಬೆಕ್ಕು ಇನ್ನೂ ಜಾಸ್ತಿ ಕಚ್ಚುತ್ತೆ. ಮನೇಲಿ ಒಬ್ರು ಕೈ ಕೊಟ್ಟು ಆಡ್ಸಿ ಇನ್ನೊಬ್ರು ಬೈತಿದ್ರೂ ಕಲಿಯಲ್ಲ, ಮಕ್ಕಳೂ ಸೇರಿ ಎಲ್ರಿಗೂ ಒಂದೇ ರೂಲ್ ಇರ್ಬೇಕು.

ಹಾಗಂತ ಆಟ ಕಮ್ಮಿ ಮಾಡ್ಬೇಡಿ, ಹೊಂಚು ಹಾಕಿ ಹಾರಿ ಹಿಡಿದು ಕಚ್ಚೋ ಆಸೆ ಹುಟ್ಟಿಂದಾನೇ ಬಂದಿರೋದು, ಅದು ಎಲ್ಲಾದ್ರೂ ತೀರ್ಲೇಬೇಕು. ಉದ್ದ ಕಡ್ಡಿಗೆ ದಾರ ಕಟ್ಟಿ ತುದೀಲಿ ಗರಿನೋ ಬಟ್ಟೆ ಚೂರೋ ಕಟ್ಟಿ ಇಲಿ ಓಡೋ ತರ ಓಡಿಸಿ, ಆಗಾಗ ಅದರ ಕೈಗೆ ಸಿಗ್ಲಿ, ಕೊನೇಲಿ ಊಟ ಹಾಕಿ. ಬೆಕ್ಕುಗಳಿಗೆ ಮುಂಜಾನೆ, ಮುಸ್ಸಂಜೆ ಹೊತ್ತಲ್ಲಿ ಹುರುಪು ಜಾಸ್ತಿ, ಆ ಟೈಮಲ್ಲಿ ಹತ್ತು ಹದಿನೈದು ನಿಮಿಷ ಆಡ್ಸಿದ್ರೆ ನಿಮ್ಮ ಕಾಲಿನ ಮೇಲೆ ದಾಳಿ ಮಾಡೋದು ಎಷ್ಟೋ ಕಮ್ಮಿ ಆಗುತ್ತೆ. ಆಟ ಮುಗಿದ ಮೇಲೆ ದಾರ ಎತ್ತಿಡಿ, ನುಂಗಿದ್ರೆ ಕರುಳಿಗೇ ಅಪಾಯ.

ಮುದ್ದು ಮಾಡ್ತಿರೋವಾಗ ಇದ್ದಕ್ಕಿದ್ದಂಗೆ ಕಚ್ಚಿಬಿಡ್ತು ಅಂತಾರಲ್ಲ, ಬಹಳ ಸಲ ಅದು ಇದ್ದಕ್ಕಿದ್ದಂಗೆ ಆಗಿರಲ್ಲ. ಬಾಲ ಪಟಪಟ ಬಡಿಯುತ್ತೆ, ಕಿವಿ ಪಕ್ಕಕ್ಕೆ ತಿರುಗುತ್ತೆ, ಬೆನ್ನಿನ ಚರ್ಮ ಅದುರುತ್ತೆ, ಗುರ್ ಗುರ್ ನಿಂತೋಗುತ್ತೆ, ಅಷ್ಟೊತ್ತಿಗೆ ಕೈ ತೆಗೆದ್ರೆ ಕಚ್ಚೋ ಪ್ರಸಂಗಾನೇ ಬರಲ್ಲ. ಗಲ್ಲ, ಕೆನ್ನೆ ಸವರಿಸ್ಕೊಳೋಕೆ ಬಹಳಷ್ಟು ಬೆಕ್ಕುಗಳಿಗೆ ಇಷ್ಟ, ಹೊಟ್ಟೆ ಮುಟ್ಟಿದ್ರೆ ಇಷ್ಟ ಆಗೋವು ಕಮ್ಮಿ.

ಸಾಧು ಇದ್ದ ದೊಡ್ಡ ಬೆಕ್ಕು ಈಗ ಮುಟ್ಟಿದ್ರೆ ಕಚ್ತಿದ್ರೆ ಮೊದ್ಲು ಡಾಕ್ಟರ್ ಹತ್ರ ಕರ್ಕೊಂಡ್ಹೋಗಿ, ಹಲ್ಲುನೋವೋ ಕೀಲುನೋವೋ ಇರ್ಬಹುದು, ಅದನ್ನ ಟ್ರೈನಿಂಗಲ್ಲಿ ಸರಿ ಮಾಡೋಕಾಗಲ್ಲ.

ಉಗುರಿನ ವಿಷ್ಯ ಸುಲಭ, ಎರಡು ಮೂರು ವಾರಕ್ಕೊಮ್ಮೆ ತುದಿ ಮಾತ್ರ ಕಟ್ ಮಾಡಿ, ಒಳಗಿನ ಗುಲಾಬಿ ಭಾಗ ಮುಟ್ಬೇಡಿ, ಕೆರೆಯೋಕೆ ಗೋಣಿಚೀಲ ಸುತ್ತಿದ ಕಂಬ ಇಡಿ. ಪೂರ್ತಿ ಉಗುರು ತೆಗೆಸೋ ಆಪರೇಷನ್ ಅಂದ್ರೆ ಬೆರಳಿನ ತುದಿಯ ಮೂಳೇನೇ ಕತ್ತರಿಸೋದು, ಯೋಚ್ನೇನೂ ಮಾಡ್ಬೇಡಿ. ಇನ್ನು ಬೆಕ್ಕಿನ ಹಲ್ಲು ಸೂಜಿ ತರ, ಗಾಯ ಮೇಲೆ ಚಿಕ್ಕದಾಗಿ ಕಂಡ್ರೂ ಒಳಗೆ ಆಳ ಇರುತ್ತೆ, ಬೇಗ ಕೀವಾಗುತ್ತೆ. ಕಚ್ಚಿ ರಕ್ತ ಬಂದ್ರೆ ಹರಿಯೋ ನೀರಲ್ಲಿ ಸೋಪ್ ಹಾಕಿ 15 ನಿಮಿಷ ತೊಳೆದು ಅವತ್ತೇ ಡಾಕ್ಟರಿಗೆ ತೋರ್ಸಿ, ರೇಬೀಸ್ ಇಂಜೆಕ್ಷನ್ ಬೇಕಾ ಅಂತ ಅವರನ್ನೇ ಕೇಳಿ.