ಬಿಡಿಸಿ ನೋಡದ ಕರೆಂಟ್ ಬಿಲ್ಲು
ಬೆಳಿಗ್ಗೆ ಆರಕ್ಕೇ ಎಚ್ಚರವಾಗುತ್ತದೆ. ಆದರೆ ಹಾಸಿಗೆಯಿಂದ ಕಾಲು ಕೆಳಗಿಡಲು ಆಗುವುದಿಲ್ಲ. ಮಗಳು ಬಂದು "ಅಮ್ಮಾ, ಡಬ್ಬಿಗೆ ಏನು?" ಅಂತ ಕೇಳಿದಾಗ ಹೇಗೋ ಎದ್ದು, ಅವಲಕ್ಕಿಗೆ ಒಗ್ಗರಣೆ ಹಾಕಿ, ಎಂಟೂವರೆ ಬಸ್ಸು ಹಿಡಿದು, ಆಫೀಸಿನಲ್ಲಿ ಎಲ್ಲರಿಗೂ ನಗುಮುಖ ತೋರಿಸುವಷ್ಟರಲ್ಲಿ ಅರ್ಧ ಜೀವ ಹೋಗಿರುತ್ತದೆ. ಫ್ರಿಜ್ ಮೇಲೆ ಮಡಚಿಟ್ಟ ಕರೆಂಟ್ ಬಿಲ್ಲನ್ನು ಬಿಡಿಸಿ ನೋಡಲೂ ಭಯ. ಇದು ಸೋಮಾರಿತನ ಅಂದುಕೊಂಡಿದ್ದೆ. ಅಲ್ಲ, ಮನಸ್ಸಿನ ಕಾಯಿಲೆ.

ಒಂದು ರಾತ್ರಿ 14416ಕ್ಕೆ ಫೋನ್ ಮಾಡಿದೆ. ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆಂದು 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯವರು ಸುಮ್ನೆ ಕೇಳಿಸಿಕೊಂಡರು, ನಾನು ಅತ್ತುಬಿಟ್ಟೆ. ಆಮೇಲೆ ಮನೋವೈದ್ಯರ ಹತ್ತಿರ ಹೋದೆ. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ನೀವಾಗಿಯೇ ನಿಲ್ಲಿಸಬೇಡಿ ಅಂದರು. ಜನೌಷಧಿ ಅಂಗಡಿಯಲ್ಲಿ ಅದೇ ಮಾತ್ರೆ ತುಂಬಾ ಕಡಿಮೆಗೆ ಸಿಕ್ಕಿತು.

ಈಗ ಸಂಬಳ ಬಂದ ದಿನವೇ ಬಾಡಿಗೆ, ಸ್ಕೂಲ್ ಫೀಸು, ಮಾತ್ರೆಯ ದುಡ್ಡು ತೆಗೆದಿಡುತ್ತೇನೆ. ಉಳಿದ ಲೆಕ್ಕ ಭಾನುವಾರ ಅಕ್ಕ ಬಂದು ನೋಡುತ್ತಾಳೆ. ಅವಳನ್ನು ಕೇಳಲು ನನಗೆ ಎಷ್ಟು ನಾಚಿಕೆಯಾಗಿತ್ತು! ಅವಳು ಕನ್ನಡಕ ಹಾಕಿಕೊಂಡು ಬಿಲ್ಲುಗಳನ್ನೆಲ್ಲ ನೆಲದ ಮೇಲೆ ಹರಡಿ, "ಇಷ್ಟೇನಾ? ಕೊಡು ಇಲ್ಲಿ" ಅಂದಳು.