ಹಾಲುಣಿಸುವಾಗ ಗರ್ಭ ತಡೆಯುವ ಮಾತ್ರೆ ನುಂಗಬಹುದಾ?

ನಮ್ಮ ಔಷಧಿ ಅಂಗಡಿಗೆ ಬರುವ ಬಾಣಂತಿಯರು ಜಾಸ್ತಿ ಕೇಳುವುದು ಇದನ್ನೇ. ಪಕ್ಕದಲ್ಲಿ ನಿಂತವರೆಲ್ಲ ಹೋಗುವವರೆಗೆ ಕಾದು, ದನಿ ತಗ್ಗಿಸಿ, "ಅಕ್ಕಾ, ಇದು ತಗೊಂಡ್ರೆ ಹಾಲು ಬತ್ತಿ ಹೋಗುತ್ತಾ?" ಅನ್ನುತ್ತಾರೆ.

ಡಾಕ್ಟರು ಬರೆದಿರುವುದು ಪ್ರೊಜೆಸ್ಟಿನ್ ಅನ್ನುವ ಹಾರ್ಮೋನ್ ಒಂದೇ ಇರುವ ಮಾತ್ರೆಯಾದರೆ ಆ ಭಯ ಬೇಡ. ಹಾಲು ಕಡಿಮೆ ಮಾಡಬಹುದಾದ ಈಸ್ಟ್ರೋಜನ್ ಹಾರ್ಮೋನ್ ಇದರಲ್ಲಿ ಇಲ್ಲ. ಮಾಲಾ-ಎನ್ ಥರದ್ದರಲ್ಲಿ ಎರಡೂ ಹಾರ್ಮೋನ್ ಇರುವುದರಿಂದ, ಹಾಲುಣಿಸುವವರಿಗೆ ಹೆರಿಗೆಯಾದ ಮೊದಲ 6 ತಿಂಗಳು ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಅಕ್ಕನ ಹತ್ತಿರ ಉಳಿದಿತ್ತು ಅಂತ ದಯವಿಟ್ಟು ನುಂಗಬೇಡಿ.

ಹಾಲಿನ ಬಗ್ಗೆ ಇಷ್ಟು ಕೇಳುವವರು ಹೊತ್ತಿನ ಬಗ್ಗೆ ಮಾತ್ರ ಕೇಳುವುದಿಲ್ಲ. ನನಗೆ ಚಿಂತೆ ಅದರದ್ದೇ.

ಪ್ರೊಜೆಸ್ಟಿನ್ ಮಾತ್ರೆ ಗರ್ಭಕೋಶದ ಬಾಯಲ್ಲಿರುವ ಲೋಳೆಯನ್ನು ಗಟ್ಟಿ ಮಾಡಿ ವೀರ್ಯಾಣುಗಳನ್ನು ತಡೆಯುತ್ತದೆ, ಮಾತ್ರೆ ತಡವಾದರೆ ಲೋಳೆ ಮತ್ತೆ ತೆಳ್ಳಗಾಗುತ್ತದೆ. ಅದಕ್ಕೇ ದಿನಾ ಒಂದೇ ಹೊತ್ತಿಗೆ ನುಂಗಬೇಕು. ಇದೇ ಗುಂಪಿನ 75 ಮೈಕ್ರೋಗ್ರಾಮಿನ ಡೆಸೊಜೆಸ್ಟ್ರೆಲ್ ಮಾತ್ರೆ ಅಂಡ ಬಿಡುಗಡೆಯನ್ನೂ ತಡೆಯುವುದರಿಂದ 12 ಗಂಟೆವರೆಗೆ ತಡವಾದರೂ ನಡೆಯುತ್ತದೆ. ಹಳೇ ಥರದ ಪ್ರೊಜೆಸ್ಟಿನ್ ಮಾತ್ರೆಗಳಿಗೆ ಬರೀ 3 ಗಂಟೆ. ನಿಮ್ಮದು ಯಾವುದು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಆ ಗಡುವು ಮೀರಿದರೆ ನೆನಪಾದ ತಕ್ಷಣ ಒಂದು ನುಂಗಿ, ಮುಂದಿನದನ್ನು ಎಂದಿನ ಹೊತ್ತಿಗೇ ತಗೊಳ್ಳಿ. ಒಂದೇ ದಿನ ಎರಡಾದರೂ ಪರವಾಗಿಲ್ಲ. ಡೆಸೊಜೆಸ್ಟ್ರೆಲ್ ಆದರೆ ಮುಂದಿನ 7 ದಿನ ಕಾಂಡೋಮ್ ಬಳಸಿ. ನುಂಗಿ 3-4 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಬೇಕು.

ಒಮ್ಮೆ ಒಬ್ಬ ತಾಯಿ ಖಾಲಿ ಸ್ಟ್ರಿಪ್ ತಂದು ಗಲ್ಲಾದ ಮೇಲಿಟ್ಟಳು. 28 ಗುಳಿಯೂ ಒಡೆದಿದ್ದವು, ಒಂದೂ ತಪ್ಪಿಸಿರಲಿಲ್ಲ ಪಾಪ. "ಯಾವಾಗ ಮುಗೀತಮ್ಮಾ?" ಅಂದೆ. "ಒಂದು ವಾರ ಆಯ್ತು, ಮುಟ್ಟಾಗಲಿ ಅಂತ ಕಾಯ್ತಿದ್ದೆ" ಅಂದಳು. ಮೊದಲ ಹೆರಿಗೆಯ ನಂತರ ನುಂಗಿದ್ದ ಬೇರೆ ಮಾತ್ರೆಯ ಲೆಕ್ಕ ಅವಳ ತಲೆಯಲ್ಲಿತ್ತು. ಡೆಸೊಜೆಸ್ಟ್ರೆಲ್ ಸ್ಟ್ರಿಪ್ಪಿಗೆ ಹಾಗೆ ಬಿಡುವು ಇಲ್ಲ, ಒಂದು ಮುಗಿದ ಮರುದಿನವೇ ಇನ್ನೊಂದು ಶುರು ಮಾಡಬೇಕು. ಇದನ್ನು ಯಾರೂ ಅವಳಿಗೆ ಬಿಡಿಸಿ ಹೇಳಿರಲಿಲ್ಲ. ಅವತ್ತೇ ಡಾಕ್ಟರ ಹತ್ತಿರ ಕಳಿಸಿದೆ. ಆಮೇಲಿಂದ ಯಾರಿಗೇ ಕೊಟ್ಟರೂ ಮೊಬೈಲಿನಲ್ಲಿ ಅಲಾರಾಂ ಇಡಿಸಿಯೇ ಕಳಿಸುತ್ತೇನೆ.

ಹಬ್ಬಕ್ಕೆ ಮುಟ್ಟು ಮುಂದೂಡಲು ಕೊಡುವ 5 ಮಿಲಿಗ್ರಾಮಿನ ನಾರೆಥಿಸ್ಟೆರೋನ್ ಕೂಡ ಪ್ರೊಜೆಸ್ಟಿನ್ನೇ, ಆದರೆ ಗರ್ಭ ತಡೆಯಲು ಅದನ್ನು ನಂಬಬೇಡಿ.

ಕ್ಷಯಕ್ಕೆ ರಿಫಾಂಪಿಸಿನ್, ಫಿಟ್ಸ್‌ಗೆ ಫೆನಿಟಾಯಿನ್ ಅಥವಾ ಕಾರ್ಬಮಾಜೆಪೈನ್ ನಡೆಯುತ್ತಿದ್ದರೆ ಗರ್ಭ ತಡೆಯುವ ಈ ಮಾತ್ರೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಮುಚ್ಚಿಡದೆ ಹೇಳಿ. ಸ್ತನ ಕ್ಯಾನ್ಸರ್ ಆಗಿದ್ದರೆ, ಲಿವರ್ ತೊಂದರೆ ಜೋರಾಗಿದ್ದರೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇದ್ದರೆ ಇದು ಬೇಡ. ಶುರು ಮಾಡಿದ ಮೊದಲ ತಿಂಗಳುಗಳಲ್ಲಿ ಮಧ್ಯೆ ಮಧ್ಯೆ ರಕ್ತದ ಕಲೆ ಕಾಣಿಸುವುದು, ಮುಟ್ಟು ಏರುಪೇರಾಗುವುದು ಮಾಮೂಲು. ಆದರೆ ಕಿಬ್ಬೊಟ್ಟೆಯಲ್ಲಿ, ಅದರಲ್ಲೂ ಒಂದೇ ಕಡೆ, ತಡೆಯಲಾಗದ ನೋವು ಬಂದರೆ ಗರ್ಭ ನಳಿಕೆಯಲ್ಲಿ ನಿಂತಿರಬಹುದು. ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಹೋಗಿ.