ಗ್ರ್ಯಾಂಡ್ ಸೀಕೊ ಡೈರಿ: ಇದನ್ನು ಕಟ್ಟಿಕೊಳ್ಳುವವರು ಯಾರು?

ಜನವರಿ

ಈ ವರ್ಷಕ್ಕೆ ಎರಡು ಕೆಲಸ ಇಟ್ಟುಕೊಂಡಿದ್ದೇನೆ. ಒಂದು, ಜಪಾನಿನ ಸೀಕೊ ಕಂಪನಿಯ ದುಬಾರಿ ಸಾಲಿನ ಗ್ರ್ಯಾಂಡ್ ಸೀಕೊ ವಾಚ್ ಕೊಳ್ಳುವುದು. ಇನ್ನೊಂದು, ಕೊಳ್ಳುವ ಮೊದಲು ಅದನ್ನು ಕಟ್ಟಿಕೊಂಡವರನ್ನು ಮಾತಾಡಿಸಿ ಬರೆದಿಡುವುದು.

ಎರಡನೆಯದು ಏಕೆ ಅಂದರೆ, ಇದು ವಿಚಿತ್ರವಾದ ವಾಚ್. ಬೆಲೆ ಹಲವು ಲಕ್ಷ ಯೆನ್. ದೂರದಿಂದ ನೋಡಿದರೆ ಸಾಮಾನ್ಯ ಸ್ಟೀಲ್ ವಾಚ್. ಮೊದಲ ಗ್ರ್ಯಾಂಡ್ ಸೀಕೊ ಬಂದಿದ್ದು 1960ರಲ್ಲಿ, ಸುವಾ ಊರಿನ ಕಾರ್ಖಾನೆಯಿಂದ. ಜಪಾನಿನ ಹೊರಗೆ ಸರಿಯಾಗಿ ಮಾರೋಕೆ ಶುರು ಮಾಡಿದ್ದು ಮಾತ್ರ 2010ರಲ್ಲಿ. 2017ರವರೆಗೂ ಡಯಲ್ಲಿನ ಮೇಲ್ಭಾಗದಲ್ಲಿ ಸುಮ್ನೆ ‘ಸೀಕೊ’ ಅಂತಲೇ ಇರುತ್ತಿತ್ತು. ಕೆಲವೇ ಸಾವಿರಕ್ಕೆ ಸಿಗುವ ವಾಚಿನ ಮೇಲೂ ಅದೇ ಹೆಸರು. ಅಷ್ಟು ದುಡ್ಡು ಕೊಟ್ಟು ಆ ಹೆಸರನ್ನು ಕೈಗೆ ಕಟ್ಟಿಕೊಳ್ಳುವವರು ಎಂಥವರು? ಟೋಕಿಯೊಗೆ ಬಂದು ಆರು ವರ್ಷ ಆಯಿತು, ಈ ಪ್ರಶ್ನೆ ಬಿಟ್ಟಿಲ್ಲ.

ಫೆಬ್ರವರಿ

ಮೊದಲು ಸಿಕ್ಕವರು ನಮ್ಮ ಆಫೀಸಿನಲ್ಲೇ. ಅಳತೆ ವಿಭಾಗದ ಹಿರಿಯರು. ಮೈಕ್ರಾನ್ ಲೆಕ್ಕದಲ್ಲಿ ಬಿಡಿಭಾಗ ಅಳೆಯುವುದು ಅವರ ಕೆಲಸ. ಒಂಬತ್ತು ವರ್ಷದಿಂದ ಅದೇ ವಾಚ್ ಕಟ್ಟುತ್ತಿದ್ದಾರಂತೆ. ಆರು ವರ್ಷ ಪಕ್ಕದ ಮೇಜಿನಲ್ಲಿ ಕೂತ ನನಗೇ ಗೊತ್ತಿರಲಿಲ್ಲ.

ಗೊತ್ತಾಗಿದ್ದು ಬೆಳಕಿನಿಂದ. ಮೀಟಿಂಗಿನಲ್ಲಿ ಅವರು ಕೈ ತಿರುಗಿಸಿದರು. ಗಂಟೆ ಮುಳ್ಳಿನ ಒಂದು ಮಗ್ಗುಲು ಬೆಳ್ಳಗೆ ಹೊಳೆಯಿತು, ಇನ್ನೊಂದು ಮಗ್ಗುಲು ಪೂರ್ತಿ ಕಪ್ಪಾಯಿತು. ನಡುವಿನ ಏಣು ಬ್ಲೇಡಿನ ಅಂಚಿನ ಹಾಗಿತ್ತು. ಅಗ್ಗದ ವಾಚಿನಲ್ಲಿ ಆ ಏಣು ಸವೆದ ಸೋಪಿನ ಹಾಗೆ ದುಂಡಗಿರುತ್ತದೆ.

ಊಟದ ಹೊತ್ತಿಗೆ ಕೇಳಿದೆ. ಅವರಿಗೆ ಖುಷಿಯಾಯಿತು. ಕೈಯಿಂದ ಬಿಚ್ಚಿ ಕರವಸ್ತ್ರದ ಮೇಲಿಟ್ಟು ತೋರಿಸಿದರು. ಕೇಸಿನ, ಅಂದರೆ ವಾಚಿನ ಹೊರಕವಚದ, ಹೊಳಪಿಗೆ ಜರಾತ್ಸು ಅನ್ನುತ್ತಾರೆ. ತಿರುಗುವ ತವರದ ತಟ್ಟೆಗೆ ಕೇಸನ್ನು ಕೈಯಿಂದಲೇ ಒತ್ತಿ ಹಿಡಿಯಬೇಕು. ಕೋನ ಕೂದಲೆಳೆ ತಪ್ಪಿದರೂ ಅಂಚು ಹೋಯಿತು. ಸರಿಯಾಗಿ ಬಂದರೆ ಅದರಲ್ಲಿ ಕಾಣುವ ನೆರಳು ಎಲ್ಲೂ ಅಲೆಯಾಗುವುದಿಲ್ಲ. ಟ್ಯೂಬ್‌ಲೈಟ್ ಟ್ಯೂಬ್‌ಲೈಟ್ ಆಗಿಯೇ ಕಾಣುತ್ತದೆ, ನೇರವಾಗಿ. 1960ರ ದಶಕದಲ್ಲಿ ತಾರೊ ತನಕಾ ಅನ್ನುವ ವಿನ್ಯಾಸಕಾರರು ಇದಕ್ಕೆಲ್ಲ ನಿಯಮ ಮಾಡಿದರು. ಸಪಾಟು ಮೈ, ಚೂಪು ಅಂಚು, ಬೆಳಕು ನೆರಳಿನ ಆಟ. 1967ರ 44ಜಿಎಸ್ ಮಾದರಿಯಲ್ಲಿ ಅದು ಪೂರ್ತಿ ಕೈಗೂಡಿತು.

“ಇದನ್ನು ಯಾರಾದರೂ ಗುರುತಿಸಿದ್ದಾರಾ?” ಅಂದೆ. “ಒಂಬತ್ತು ವರ್ಷದಲ್ಲಿ ಇಬ್ಬರು. ನಿಮ್ಮನ್ನೂ ಸೇರಿಸಿ,” ಅಂದರು. ಬೇಸರದ ಸುಳಿವೇ ಇರಲಿಲ್ಲ ಆ ಮಾತಿನಲ್ಲಿ.

ಮಾರ್ಚ್

ಇನ್ನಿಬ್ಬರು ಸಿಕ್ಕರು.

ಒಬ್ಬರು ಬ್ಯಾಂಕಿನವರು. ಅವರ ಕಾರಣ ನೇರ. ಗ್ರಾಹಕರ ಎದುರು ಕೂರುವ ಕೆಲಸ. ಗ್ರಾಹಕರದ್ದಕ್ಕಿಂತ ಜೋರಾದ ವಾಚ್ ಕಟ್ಟಿದರೆ ಒಳ್ಳೆಯದಲ್ಲ. ಒಳ್ಳೆಯ ವಾಚೂ ಬೇಕು, ಕಣ್ಣು ಕುಕ್ಕಲೂ ಬಾರದು. ಅಷ್ಟೇ.

ಇನ್ನೊಬ್ಬರು ಇಲ್ಲೇ ಟೋಕಿಯೊದ ನಿಶಿ ಕಸಾಯ್‌ನಲ್ಲಿ ಇರುವ ನಮ್ಮ ಕಡೆಯವರು. ಅವರ ಹತ್ತಿರ ಇದ್ದದ್ದು ಬಿಳಿ ಡಯಲ್ಲಿನ ಸ್ನೋಫ್ಲೇಕ್ ಅನ್ನುವ ಮಾದರಿ. ನಾನು ಇಲ್ಲಿವರೆಗೆ ನೋಡಿದ ಡಯಲ್‌ಗಳಲ್ಲಿ ಅದಕ್ಕಿಂತ ಚೆಂದದ್ದು ಇಲ್ಲ. ಬೆಟ್ಟದ ಮೇಲೆ ಗಾಳಿ ಸವರಿ ಹೋದ ಹಿಮದ ಹಾಗೆ ಮೈ. ಅದರ ಮೇಲೆ ನೀಲಿ ಸೆಕೆಂಡ್ ಮುಳ್ಳು ಟಿಕ್ ಅನ್ನದೆ ಜಾರುತ್ತದೆ. ಒಳಗಿರುವುದು ಸ್ಪ್ರಿಂಗ್ ಡ್ರೈವ್. ಓಡಿಸುವುದು ಸ್ಪ್ರಿಂಗ್, ಅದರ ವೇಗವನ್ನು ಹದ್ದುಬಸ್ತಿನಲ್ಲಿಡುವುದು ಕ್ವಾರ್ಟ್ಜ್ ಹರಳು. ಯೋಶಿಕಾಜು ಅಕಹಾನೆ ಅನ್ನುವ ಎಂಜಿನಿಯರಿಗೆ ಇದು ಹೊಳೆದದ್ದು 1977ರಲ್ಲಿ. ಅಂಗಡಿಗೆ ಬಂದಿದ್ದು 1999ರಲ್ಲಿ. ಇಪ್ಪತ್ತೆರಡು ವರ್ಷ!

ಆದರೆ ಅವರು ಆರೇ ತಿಂಗಳಲ್ಲಿ ಅದನ್ನು ಮಾರಿಬಿಟ್ಟರು. ಬೆಂಗಳೂರಿನಲ್ಲಿ ತಂಗಿಯ ಮದುವೆಗೆ ಕಟ್ಟಿಕೊಂಡು ಹೋಗಿದ್ದರು. ಅಲ್ಲಿ ಒಬ್ಬರು ನೋಡಿ, “ಓ, ಸೀಕೊನಾ? ನಮ್ಮ ಮಾವನ ಹತ್ರಾನೂ ಇತ್ತು” ಅಂದರಂತೆ. ಅವರು ನನಗೆ ಇದನ್ನು ಹೇಳುವಾಗಲೂ ಮುಖ ಸಣ್ಣದಾಗಿತ್ತು. ಅವರದ್ದು ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಪರದೇಶದಲ್ಲಿ ವರ್ಷಗಟ್ಟಲೆ ದುಡಿದವರು, ನಾಲ್ಕು ಜನ ಕೇಳಲಿ ಅಂತ ಆಸೆ ಪಡುವುದು ಸಹಜ ಅಲ್ವಾ. ಆ ಆಸೆಗೆ ಬೇರೆ ವಾಚ್‌ಗಳಿವೆ. ಈ ವಾಚಿನಿಂದ ಅದು ತೀರುವುದಿಲ್ಲ.

ಗ್ರ್ಯಾಂಡ್ ಸೀಕೊ ಕಟ್ಟುವವರನ್ನೆಲ್ಲ ‘ಸರಳ ಜನ’ ಅಂತ ಹೊಗಳುವುದನ್ನು ಕೇಳಿದ್ದೇನೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸರಳವಾಗಿರಬೇಕು ಅನ್ನುವವರು ಲಕ್ಷಗಟ್ಟಲೆ ಸುರಿಯುವುದಿಲ್ಲ. ಅಳತೆ ವಿಭಾಗದ ಹಿರಿಯರಿಗೆ ಇರುವುದು ದೊಡ್ಡ ಆಸೆಯೇ. ಆದರೆ ಅದು ತೀರುವುದು ಅವರ ಕಣ್ಣಿನಲ್ಲಿ. ಬೇರೆಯವರ ಕಣ್ಣಿಗೆ ಅಲ್ಲಿ ಕೆಲಸವಿಲ್ಲ.

ಏಪ್ರಿಲ್

ಕೊಂಡೆ!

ನಿಶಿ ಕಸಾಯ್‌ನಲ್ಲಿ ತೋಜಾಯ್ ಲೈನ್ ಮೆಟ್ರೊ ಹತ್ತಿ ಕೊನೆಯ ಸ್ಟೇಷನ್ ನಕಾನೊದಲ್ಲಿ ಇಳಿದೆ. ಅಲ್ಲಿ ಹಳೆಯ ವಾಚ್ ಮಾರುವ ಅಂಗಡಿಗಳು ಸಾಲಾಗಿವೆ. ಸ್ನೋಫ್ಲೇಕ್ ನನ್ನ ಉಳಿತಾಯಕ್ಕೆ ಎಟುಕಲಿಲ್ಲ. ತೆಗೆದುಕೊಂಡಿದ್ದು 37 ಮಿಲಿಮೀಟರಿನ ಕ್ವಾರ್ಟ್ಜ್, ಸೆಕೆಂಡ್ ಹ್ಯಾಂಡ್. ಕೇಸಿನ ಪಕ್ಕದಲ್ಲಿ ಎರಡು ಗೀರು ಇವೆ. ಪಾಲಿಶ್ ಮಾಡಿಸುವುದಿಲ್ಲ.

ಬ್ಯಾಟರಿ ವಾಚಿಗೆ ಅಷ್ಟು ದುಡ್ಡಾ ಅಂತ ಆಫೀಸಿನಲ್ಲಿ ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. ಒಳಗಿರುವ 9ಎಫ್ ಯಂತ್ರ 1993ರಲ್ಲಿ ಬಂತು. ಕ್ವಾರ್ಟ್ಜ್ ಹರಳನ್ನು ಮೂರು ತಿಂಗಳು ಹದಕ್ಕೆ ಇಟ್ಟು, ಚೆನ್ನಾಗಿರುವುದನ್ನು ಮಾತ್ರ ಆರಿಸುತ್ತಾರೆ. ದಿನಕ್ಕೆ 540 ಸಲ ಒಳಗಿನ ಶಾಖ ನೋಡಿಕೊಂಡು ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ. ಹಾಗಾಗಿ ವರ್ಷಕ್ಕೆ ಹತ್ತು ಸೆಕೆಂಡಿಗಿಂತ ಜಾಸ್ತಿ ಆಚೀಚೆ ಆಗಬಾರದು. ಮಾಮೂಲಿ ಕ್ವಾರ್ಟ್ಜ್ ಒಂದು ತಿಂಗಳಲ್ಲೇ ಅಷ್ಟು ತಪ್ಪುವುದುಂಟು. ಅಗ್ಗದ ವಾಚಿನಲ್ಲಿ ಸೆಕೆಂಡ್ ಮುಳ್ಳು ನಿಂತ ಮೇಲೆ ಒಮ್ಮೆ ನಡುಗುತ್ತದೆ, ನೋಡಿದ್ದೀರಾ? ಇದರಲ್ಲಿ ಆ ನಡುಕ ತಡೆಯೋಕೇ ಒಂದು ಪುಟ್ಟ ಸ್ಪ್ರಿಂಗ್ ಇದೆ.

ಇಲ್ಲಿ 117ಕ್ಕೆ ಫೋನ್ ಮಾಡಿದರೆ ಹತ್ತು ಸೆಕೆಂಡಿಗೊಮ್ಮೆ ಸಮಯ ಹೇಳುತ್ತದೆ. ಅದಕ್ಕೆ ಕೂಡಿಸಿ ಇಟ್ಟೆ. ಪ್ರತಿ ತಿಂಗಳ ಮೊದಲ ದಿನ ಫೋನ್ ಮಾಡಿ ಬರೆದುಕೊಳ್ಳುವುದು ಅಂತ ನಿರ್ಧಾರ.

ಮೇನಿಂದ ಸೆಪ್ಟೆಂಬರ್

ಜೂನ್‌ವರೆಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಜುಲೈಗೆ ಒಂದು ಸೆಕೆಂಡ್ ಮುಂದೆ. ಸೆಪ್ಟೆಂಬರ್‌ಗೆ ಎರಡು. ಆಮೇಲೆ ಯಾರೂ ವಾಚಿನ ಬಗ್ಗೆ ಕೇಳಿಲ್ಲ. ನಾನು ಮಾತ್ರ ರೈಲಿನಲ್ಲಿ ದಿನಾ ನೋಡುತ್ತೇನೆ. ತೋಜಾಯ್ ಲೈನ್ ನೆಲದೊಳಗಿನಿಂದ ಹೊರಗೆ ಬಂದಾಗ ಬಿಸಿಲು ಮುಳ್ಳಿನ ಮೇಲೆ ಬೀಳುತ್ತದೆ. ಆ ಒಂದು ಕ್ಷಣಕ್ಕೆ ಕಾಯುತ್ತೇನೆ.

ಅಕ್ಟೋಬರ್

ಭಾನುವಾರ ದೊಡ್ಡಮ್ಮನಿಗೆ ವಿಡಿಯೊ ಕಾಲ್ ಮಾಡಿದ್ದೆ. ದೊಡ್ಡಮ್ಮ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದವರು, ಬೆಂಗಳೂರಿನ ಜಾಲಹಳ್ಳಿಯಲ್ಲಿ. ಆ ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾಗಿದ್ದು. ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿ, ಚಿಮುಟದಲ್ಲಿ ಮುಳ್ಳು ಹಿಡಿದು ಕೂರಿಸುವುದು ಅವರ ಕೆಲಸವಾಗಿತ್ತು.

ವಾಚ್ ತೋರಿಸಿದೆ. ಎಷ್ಟು ಕೊಟ್ಟೆ ಅಂತ ಕೇಳುತ್ತಾರೆ ಅಂದುಕೊಂಡಿದ್ದೆ. ಕೇಳಲಿಲ್ಲ.

“ಇನ್ನೂ ಹತ್ರ ಹಿಡಿ. ಅಲ್ಲಾಡಿಸಬೇಡ,” ಅಂದರು.

ಫೋನಿನ ಕ್ಯಾಮೆರಾ ಎದುರಿಗೆ ಹಿಡಿದೆ.

“ಸೆಕೆಂಡ್ ಮುಳ್ಳು ಗೀಟಿನ ಮೇಲೇ ಬೀಳತ್ತಾ? ಎಲ್ಲಾ ಗೀಟಿಗೂ?”

“ನೀನೇ ನೋಡು ದೊಡ್ಡಮ್ಮ.”

ಕನ್ನಡಕ ಮೇಲೆ ಮಾಡಿ, ಪರದೆಗೆ ಮುಖ ತಂದು, ಹನ್ನೆರಡರಿಂದ ಹನ್ನೆರಡರವರೆಗೆ ಪೂರ್ತಿ ಒಂದು ನಿಮಿಷ ನೋಡಿದರು. ನನ್ನ ಕೈ ನೋಯುತ್ತಿತ್ತು, ಇಳಿಸಲಿಲ್ಲ.

“ಬೀಳತ್ತೆ,” ಅಂದರು. ಆಮೇಲೆ, “ಇನ್ನೊಂದು ಸುತ್ತು ಹಿಡಿ,” ಅಂದರು.